ಪಲುಪಿ, ತಪ್ಪು ನನ್ನದು

ಹಲ್ಲು ನೋಯುವವನ ಕಿವಿಗೆ ಲೋಕದ ಮಾತು ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಆ ದನಿ ಮೊದಲ ಎರಡು ಸಲ ಹೇಳಿದ್ದನ್ನು ಲುಕಿತೊ ಗಮನಿಸಲೇ ಇಲ್ಲ. ಆರೋಗ್ಯ ಕೇಂದ್ರದ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಊದಿದ ಬಲಗೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಉಪವಾಸ ಮುಗಿದ ಮೇಲಿನ ಲೆಬಾರನ್ ಹಬ್ಬದಲ್ಲಿ ಮನೆಮನೆಯಲ್ಲೂ ತಿಂದ ಅನಾನಸ್ ಬಿಸ್ಕತ್ತುಗಳಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದ. ಹಲ್ಲಿನ ಡಾಕ್ಟರರ ಕೋಣೆಯ ಬಾಗಿಲು ತೆರೆದಾಗೆಲ್ಲ ಒಳಗಿನಿಂದ ಬರುತ್ತಿದ್ದ ಲವಂಗದ ವಾಸನೆಗೆ ಹೆದರಿಕೆಯೂ ಆಸೆಯೂ ಒಟ್ಟಿಗೆ ಆಗುತ್ತಿತ್ತು. ಮೂರನೆಯ ಸಲ ಕೇಳಿಸಿತು. "ಸಂಖ್ಯೆ ಹದಿಮೂರು, ಎರಡನೇ ಕೋಣೆಗೆ," ಎಂದು ಗೋಡೆಯ ಪೆಟ್ಟಿಗೆಯೊಳಗಿನ ಹೆಣ್ಣುದನಿ ಹೇಳಿತು. ಒಂದು ಉಸಿರಿನಷ್ಟು ಬಿಡುವು ಕೊಟ್ಟು, ರೈಲು ಬಂದು ನಿಂತಾಗ ಊರಿನ ಹೆಸರು ಹೇಳುವ ಹಾಗೆ ಶಾಂತವಾಗಿ, "ಪಲುಪಿ, ತಪ್ಪು ನನ್ನದು. ಕ್ಷಮಿಸು," ಎಂದಿತು. ಪೆಟ್ಟಿಗೆಯ ಕೆಳಗಿನ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ, ಕೇಂದ್ರದ ಹೆಸರು ಬರಬೇಕಾದ ಜಾಗದಲ್ಲಿ, ಅದೇ ಮಾತು. ಲುಕಿತೊನ ಕೈ ಕೆನ್ನೆಯಿಂದ ಜಾರಿತು.

"ಯಾರೇ ಇದು ಪಲುಪಿ?" ಎಂದು ಅವನ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಪಕ್ಕದವಳನ್ನು ಕೇಳಿದಳು. "ಡಾಕ್ಟರಮ್ಮನ ಹೆಸರಿರ್ಬೇಕು." "ಡಾಕ್ಟರಮ್ಮನ ಹತ್ರ ಮಿಷನ್ ಯಾಕೆ ಕ್ಷಮೆ ಕೇಳುತ್ತೆ?" "ಕೇಳ್ಲಿ ಬಿಡು, ಹಬ್ಬದ ತಿಂಗಳು. ಎಲ್ಲರೂ ಕೇಳ್ತಾರೆ." "ಹಬ್ಬದ್ದು ಬೇರೆ ಕಣೇ. ಹಬ್ಬದಲ್ಲಿ ಊರಿಗೆಲ್ಲ ಸೇರಿಸಿ ಕೇಳ್ತಾರೆ. ಇದು ಒಬ್ಬಳ ಹೆಸರು ಹಿಡಿದು ಕೇಳ್ತಿದೆ. ಏನೋ ಮಾಡಿದಾನೆ ಇವನು." ಮಷಿನ್ನಿನ ದನಿ ಹೆಣ್ಣಿನದಾದರೂ ಮಾಡಿದವನು ಗಂಡಸೇ ಎಂದು ಅಜ್ಜಿಗೆ ಹೇಗೆ ಗೊತ್ತಾಯಿತೋ. ಲುಕಿತೊ ಕತ್ತು ಕುಗ್ಗಿಸಿದ. ತನ್ನ ಬೆನ್ನಿನ ಮೇಲೆಯೇ ಆ ಹೆಸರು ಬರೆದಿದೆ ಎಂಬಂತೆ ಶರಟನ್ನು ಒಮ್ಮೆ ಜಗ್ಗಿ ಸರಿಮಾಡಿಕೊಂಡ. ಅಷ್ಟರಲ್ಲಿ ಯಂತ್ರ ಅವನ ಸಂಖ್ಯೆಯನ್ನೇ ಕರೆಯಿತು, ಕರೆದು ಅವನ ಮಾತನ್ನೇ ಹೇಳಿತು. ಅಜ್ಜಿ ಅವನ ಭುಜ ತಟ್ಟಿ, "ಮಗಾ, ಕೈಯಲ್ಲಿರೋ ಚೀಟಿ ನೋಡ್ಕೋ, ನಿಂದೇ ಅಲ್ವಾ ಅದು?" ಅಂದಳು. "ನಂದಲ್ಲ ಅಜ್ಜಿ," ಎಂದ ಲುಕಿತೊ. ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು, ಹಲ್ಲನ್ನೂ ನೋವನ್ನೂ ಬಾಯಲ್ಲೇ ಇಟ್ಟುಕೊಂಡು ಹೊರಗೆ ಬಂದುಬಿಟ್ಟ.

ಅದು ಅವನದೇ. ಚೀಟಿಯೂ ಅವನದು, ಮಾತೂ ಅವನದು, ಆ ಯಂತ್ರದೊಳಗಿನ ಡಬ್ಬಿಯೂ ಅವನು ಬರೆದದ್ದು. ಡಬ್ಬಿ ಎಂದರೆ ತಗಡಿನದಲ್ಲ. ಒಂದು ಪ್ರೋಗ್ರಾಮು ಓಡಲು ಏನೇನು ಬೇಕೋ ಎಲ್ಲವನ್ನೂ ಒಟ್ಟಿಗೆ ತುಂಬಿ ಮೊಹರು ಮಾಡಿದ ಗಂಟು. ಅವರ ಕಚೇರಿಯಲ್ಲಿ ಅದಕ್ಕೆ ಇಮೇಜು ಎನ್ನುತ್ತಾರೆ. ಅದನ್ನು ಹೇಗೆ ಕಟ್ಟಬೇಕೆಂದು ಒಂದು ಕಡತದಲ್ಲಿ ಸಾಲುಸಾಲಾಗಿ ಬರೆದಿಡುವುದು ಲುಕಿತೊನ ಕೆಲಸ. ಸೆಮರಾಂಗ್ ನಗರದ ಎಲ್ಲ ಆರೋಗ್ಯ ಕೇಂದ್ರಗಳಿಗೂ ಒಂದೇ ಬಗೆಯ ಡಬ್ಬಿ. ಬೇರೆಯಾಗಬೇಕಾದದ್ದು ಕೇಂದ್ರದ ಹೆಸರು ಮಾತ್ರ. ಅದಕ್ಕೆ ಕಡತದಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದ, ಬಿಲ್ಡ್ ವೇರಿಯಬಲ್ಲು. ಡಬ್ಬಿ ಕಟ್ಟುವಾಗ ಹೊರಗಿನಿಂದ ಹೆಸರು ಕೊಟ್ಟರೆ ಆ ಹೆಸರು ಒಳಗೆ ಹೋಗಿ ದನಿಯಾಗಿ, ಹಸಿರು ಅಕ್ಷರವಾಗಿ ಬೆಂದು ಕೂರುತ್ತದೆ. ಹಬೆಯಿಂದಿಳಿಸಿದ ಮೇಲೆ ಇಡ್ಲಿಗೆ ಉಪ್ಪು ಬೆರೆಸಲಾಗದ ಹಾಗೆ, ಕಟ್ಟಿದ ಮೇಲೆ ಏನು ಕೊಟ್ಟರೂ ನಡೆಯುವುದಿಲ್ಲ, ಮತ್ತೆ ಮೊದಲಿಂದ ಕಟ್ಟಬೇಕು. ಕಟ್ಟುವವರು ಹೆಸರು ಕೊಡುವುದನ್ನೇ ಮರೆತರೆ? ಮರೆತರೆ ಇರಲಿ ಎಂದು ಕಡತದಲ್ಲೇ ಒಂದು ಡೀಫಾಲ್ಟ್ ಮಾತು ಬರೆದಿಡುವುದು ವಾಡಿಕೆ. ಯಾರೂ ನೋಡದ ಮಾತು ಅದು. ಎಲ್ಲರೂ ಅಲ್ಲಿ "ಪರೀಕ್ಷೆ" ಎಂದೋ "ಅಬಕ" ಎಂದೋ ಬರೆಯುತ್ತಾರೆ.

ಉಪವಾಸದ ತಿಂಗಳ ಒಂದು ಮಧ್ಯಾಹ್ನ. ಕಚೇರಿಯವರೆಲ್ಲ ಮೇಜಿನ ಮೇಲೆ ತಲೆಯಿಟ್ಟು ಜೋಂಪಿನಲ್ಲಿದ್ದರು. ದನಿ ಸರಿಯಾಗಿ ಬರುತ್ತದೋ ನೋಡಲು ಲುಕಿತೊನಿಗೆ ಒಂದು ವಾಕ್ಯ ಬೇಕಿತ್ತು. ಗಂಟಲು ಒಣಗಿತ್ತು, ತಲೆ ಹಗುರಾಗಿತ್ತು, ಬೆರಳುಗಳು ಯಾರ ಅಪ್ಪಣೆಯನ್ನೂ ಕೇಳದೆ ಬರೆದವು. ಕಿವಿಗೆ ಇಯರ್‌ಫೋನು ಹಾಕಿಕೊಂಡು ಕೇಳಿದ. ಪಲುಪಿ, ತಪ್ಪು ನನ್ನದು, ಕ್ಷಮಿಸು. ಆ ವಾಕ್ಯವನ್ನು ಲೋಕದಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನ ಕಣ್ಣಲ್ಲಿ ನೀರು ಬಂತು. ಇನ್ನೊಮ್ಮೆ ಕೇಳಿದ. ಮತ್ತೂ ಒಮ್ಮೆ. ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಗಿ ಚೆನ್ನಾಗಿ ನಿದ್ದೆ ಬಂತು. ಅದನ್ನು ಅಳಿಸಿ "ಪರೀಕ್ಷೆ" ಎಂದು ಬರೆಯಲು ಆಮೇಲೆ ಮನಸ್ಸೇ ಆಗಲಿಲ್ಲ. ಹೇಗೂ ಡಬ್ಬಿ ಕಟ್ಟುವ ಹಿರಿಯರಾದ ಪಾಕ್ ಸುರಾಜಿ ಒಂದೊಂದು ಕೇಂದ್ರದ ಹೆಸರನ್ನೂ ಕೊಟ್ಟು ಕಟ್ಟುತ್ತಾರಲ್ಲ, ಇದು ಕಡತದ ಮೂಲೆಯಲ್ಲಿ ಯಾರಿಗೂ ಕಾಣದೆ ಇರಲಿ ಎಂದುಕೊಂಡು, ಹಬ್ಬಕ್ಕೆ ಊರಿನ ಬಸ್ಸು ಹತ್ತಿದ. ಪಾಪವನ್ನೂ ಮಾಡಿ, ಕ್ಷಮೆಯನ್ನೂ ಕೇಳಿ, ಅದನ್ನು ಯಾರಿಗೂ ಕೇಳಿಸದಂತೆ ಬಚ್ಚಿಟ್ಟ ಮನುಷ್ಯನ ಸುಖ ಆ ಬಸ್ಸಿನಲ್ಲಿ ಅವನಿಗಿತ್ತು.

ಹೊಸ ಯಂತ್ರಗಳು ಎಲ್ಲ ಕೇಂದ್ರಗಳಲ್ಲೂ ಶುರುವಾದದ್ದು ಇವತ್ತು ಬೆಳಿಗ್ಗೆಯೇ. ಈಗ ಸ್ಕೂಟರಿನಲ್ಲಿ ಕಚೇರಿಯ ಕಡೆ ಹೋಗುತ್ತ ಪ್ರತಿ ಸಿಗ್ನಲ್ಲಿನಲ್ಲೂ ಲೆಕ್ಕ ಹಾಕಿದ. ಈ ಬೀದಿಯ ಕೇಂದ್ರದಲ್ಲಿ ಹೇಳುತ್ತಿರಬಹುದು, ಬೆಟ್ಟದ ಮೇಲಿನದರಲ್ಲಿ ಹೇಳುತ್ತಿರಬಹುದು, ಉಬ್ಬರದ ನೀರು ನುಗ್ಗುವ ಬಂದರಿನ ಬಳಿಯದರಲ್ಲಿ, ಕಾಲೆತ್ತಿ ಬೆಂಚಿನ ಮೇಲೆ ಕೂತ ಮೀನಿನವರ ನಡುವೆಯೂ ಹೇಳುತ್ತಿರಬಹುದು. ಕೇಂದ್ರದ ಹೆಸರು ಪ್ರತಿ ಕರೆಗೂ ಕೇಳಿಸಲೇಬೇಕು ಎಂದು ಹಟ ಹಿಡಿದವರು ಯಜಮಾನರಾದ ಪಾಕ್ ಹರ್ಸೊನೊ. "ರೈಲು ನಿಲ್ದಾಣದಲ್ಲಿ ಕೇಳಿ ನೋಡಿ, ಎಷ್ಟು ಗಂಭೀರವಾಗಿರುತ್ತೆ," ಎಂದಿದ್ದರು. ಗಂಭೀರವಾಗಿಯೇ ಇತ್ತು. ಒಂದು ಸೀನಿಗೆ ಒಂದು ಕ್ಷಮೆ, ಒಂದು ಕೆಮ್ಮಿಗೆ ಒಂದು ಕ್ಷಮೆ. ಕೇಂದ್ರಗಳ ಯಂತ್ರಗಳು ಹೊಸ ಡಬ್ಬಿಯನ್ನು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಾತ್ರ ಇಳಿಸಿಕೊಳ್ಳಬೇಕು, ರೋಗಿಗಳ ಸಾಲು ಕೆಡಬಾರದು ಎಂಬ ನಿಯಮವನ್ನು ಬುದ್ಧಿವಂತಿಕೆಯಿಂದ ಹಾಕಿದವನೂ ಲುಕಿತೊನೇ. ಅಂದರೆ ಈಗಲೇ ಕಟ್ಟಿ ಕಳಿಸಿದರೂ ಊಟದ ಹೊತ್ತಿನವರೆಗೆ ಊರೆಲ್ಲ ಅವನ ಎದೆ ಬಗೆದುಕೊಂಡು ಕೂಗುತ್ತಲೇ ಇರುತ್ತದೆ.

ಆ ತಪ್ಪಾದರೂ ಏನು ದೊಡ್ಡದು, ಎಂದು ಅವನ ಇನ್ನೊಂದು ಮನಸ್ಸು ವಕಾಲತ್ತು ವಹಿಸಿತು. ಹೋದ ವರ್ಷ ಒಂದು ಬೆಳಿಗ್ಗೆ ಹಳೆಯ ಯಂತ್ರಗಳು ಬಂದವರಿಗೆಲ್ಲ ಒಂದನೇ ನಂಬರನ್ನೇ ಕೊಟ್ಟವು. ಅಷ್ಟೇ. ಹಜಾರದ ತುಂಬ ಒಂದನೇ ನಂಬರಿನವರು. ಬಸುರಿಯೂ ಒಂದು, ಕಾಲು ಮುರಿದವನೂ ಒಂದು, ಬರೀ ಸರ್ಟಿಫಿಕೇಟಿಗೆ ಬಂದವನೂ ಒಂದು. ನಯವಿನಯದ ಊರು, ಯಾರೂ ಜಗಳವಾಡಲಿಲ್ಲ, "ನೀವು ಮೊದಲು" "ಇಲ್ಲ ಇಲ್ಲ, ನೀವು ಮೊದಲು" ಎನ್ನುತ್ತ ಮಧ್ಯಾಹ್ನದವರೆಗೂ ಒಬ್ಬರೂ ಡಾಕ್ಟರರ ಕೋಣೆಗೆ ಹೋಗಲಿಲ್ಲವಂತೆ. ಆ ಎಡವಟ್ಟು ಲುಕಿತೊನದು. ಸಭೆಯಲ್ಲಿ ಪಾಕ್ ಹರ್ಸೊನೊ, "ಯಾರಿಂದ ಆಯ್ತು ಅಂತ ನಾನು ಕೇಳ್ತಿಲ್ಲ," ಎಂದರು. ಅವರ ಭಾಷೆಯಲ್ಲಿ ಹಾಗೆಂದರೆ ಕೇಳುತ್ತಿದ್ದೇನೆ ಎಂದರ್ಥ. ಹಿಂದಿನ ದಿನ ಡಬ್ಬಿಗೆ ಕೊನೆಗೆ ಕೈ ಹಾಕಿದವಳು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಪಲುಪಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅವಳನ್ನು ನೋಡಬಾರದೆಂದು ಬೇರೆ ಕಡೆ ನೋಡಿದರು. ಅವಳು ಲುಕಿತೊನನ್ನು ನೋಡಿದಳು. ಅವನ ಮುಂದಿನ ತಟ್ಟೆಯಲ್ಲಿ ಸಲಾಕ್ ಹಣ್ಣಿತ್ತು, ಹಾವಿನ ಚರ್ಮದಂಥ ಸಿಪ್ಪೆಯ ಹಣ್ಣು. ಅವನು ತಲೆ ತಗ್ಗಿಸಿ ಅದನ್ನು ಸುಲಿಯತೊಡಗಿದ. ಅಷ್ಟು ನಾಜೂಕಾಗಿ, ಅಷ್ಟು ಹೊತ್ತು ಯಾರೂ ಸಲಾಕ್ ಸುಲಿದಿರಲಾರರು. ಸುಲಿದು ಮುಗಿಯುವಷ್ಟರಲ್ಲಿ ಅವಳ ಭವಿಷ್ಯ ತೀರ್ಮಾನವಾಗಿ ಹೋಗಿತ್ತು. "ಮ್ಬಾಕ್ ಪಲುಪಿಗೆ ಸ್ವಲ್ಪ ವಿಶ್ರಾಂತಿ ಬೇಕೇನೋ," ಎಂದರು ಪಾಕ್ ಹರ್ಸೊನೊ, ಮ್ಬಾಕ್ ಅಂದರೆ ಅಕ್ಕ ಎಂದು ಗೌರವಿಸಿ, ಮಗಳಿಗೆ ಹೇಳುವಷ್ಟು ಮೃದುವಾಗಿ. ಮರುದಿನದಿಂದ ಅವಳ ಜಾಗ ಕೆಳಗಿನ ಮಹಡಿಯಲ್ಲಿ, ಕೇಂದ್ರಗಳಿಂದ ಬರುವ ದೂರಿನ ಫೋನು ಎತ್ತುವ ಮೇಜಿನ ಹಿಂದೆ. ಅವಳಷ್ಟು ಅಚ್ಚುಕಟ್ಟಾಗಿ ಡಬ್ಬಿ ಕಟ್ಟುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಹಬ್ಬ ಮುಗಿಸಿ ಬಂದ ಮೊದಲ ದಿನ ಕಚೇರಿಯಲ್ಲಿ ಎಲ್ಲರೂ ಸಾಲಾಗಿ ನಿಂತು ಎಲ್ಲರ ಕೈಹಿಡಿದು ಕ್ಷಮೆ ಕೇಳುವುದು ಪದ್ಧತಿ. ಹೊರಗಿನಿಂದಲೂ ಒಳಗಿನಿಂದಲೂ ಕ್ಷಮಿಸಿ, ಎನ್ನಬೇಕು. ಲುಕಿತೊ ಈ ವರ್ಷ ಆ ಸಾಲಿಗಾಗಿ ಕಾದಿದ್ದ. ಪಲುಪಿಯ ಎದುರು ಬಂದಾಗ ಆ ಮಾತಿಗೆ ಇನ್ನೆರಡು ಸೇರಿಸಬೇಕು, ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ. ಅವಳ ಕೈ ತಣ್ಣಗಿತ್ತು. "ಹೊರಗಿನಿಂದಲೂ ಒಳಗಿನಿಂದಲೂ," ಎಂದ. "ಹೊರಗಿನಿಂದಲೂ ಒಳಗಿನಿಂದಲೂ," ಎಂದಳು ಅವಳು, ಫೋನಿನಲ್ಲಿ ಹೇಳುವ ದನಿಯಲ್ಲಿ. ಹಿಂದೆ ನಿಂತಿದ್ದ ಲೆಕ್ಕಪತ್ರದವನು ಬೆನ್ನಿಗೆ ಒತ್ತುತ್ತಿದ್ದ. ಸಾಲು ಮುಂದಕ್ಕೆ ಹೋಯಿತು. ಎಲ್ಲರೂ ಎಲ್ಲರನ್ನೂ ಒಟ್ಟಿಗೆ ಕ್ಷಮಿಸುವ ಊರಿನಲ್ಲಿ ಒಂದೇ ಒಂದು ತಪ್ಪನ್ನು ಬೇರೆಯಾಗಿ ಎತ್ತಿ ತೋರಿಸುವುದಕ್ಕೆ ಜಾಗವೇ ಇಲ್ಲ ಎಂದು ಅವನಿಗೆ ಸಿಟ್ಟು ಬಂತು. ಜಾಗವಿಲ್ಲದ್ದು ತನ್ನ ಬಾಯಲ್ಲಿ ಎಂದು ಗೊತ್ತಿದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಹಿರಿಯರ ಎದುರು ಬಾಯಿ ಬಿಡಬೇಡ, ಎಂದು ಅಪ್ಪ ಹೇಳಿಕೊಟ್ಟಿದ್ದು ಅವನು ಇನ್ನೂ ಅಕ್ಷರ ಕಲಿಯುವ ಮೊದಲೇ. ಮನುಷ್ಯನನ್ನೂ ಹೀಗೆ ಕಟ್ಟುವಾಗಲೇ ಏನೋ ಒಂದನ್ನು ಕೊಟ್ಟುಬಿಡುತ್ತಾರೆ. ಕೊಟ್ಟವರು ಹೋದಮೇಲೂ ಅದು ಒಳಗೆ ದನಿಯಾಗಿ ಕೂತಿರುತ್ತದೆ. ಆದರೆ ಮನುಷ್ಯನನ್ನು ಮತ್ತೆ ಮೊದಲಿಂದ ಕಟ್ಟುವುದು ಹೇಗೆ ಎಂದು ಯಾವ ಕಡತದಲ್ಲೂ ಬರೆದಿಲ್ಲವಲ್ಲ. ಇಂಥ ಯೋಚನೆ ಬಂದಾಗ ಲುಕಿತೊನಿಗೆ ತನ್ನ ಬಗ್ಗೆ ಗೌರವವೇ ಮೂಡುತ್ತಿತ್ತು, ತಪ್ಪು ಒಂದಿಷ್ಟು ದೂರ ಸರಿದು ತತ್ವಜ್ಞಾನದ ಹಾಗೆ ಕಾಣುತ್ತಿತ್ತು. ಆಗ ಹಲ್ಲು ಒಮ್ಮೆ ಜಗ್ಗಿತು, ಸಿಗ್ನಲ್ ಹಸಿರಾಯಿತು.

ಕಚೇರಿಯ ಬಾಗಿಲಲ್ಲೇ ಪಲುಪಿಯ ಮೇಜು. ಅದನ್ನು ದಾಟದೆ ಮೆಟ್ಟಿಲು ಹತ್ತುವಂತಿಲ್ಲ. ಫೋನು ಕಿವಿ ಮತ್ತು ಭುಜದ ನಡುವೆ ಇತ್ತು, ಆ ಕಡೆಯ ಹೆಂಗಸನ್ನು ಅಮ್ಮ ಎಂದ ಹಾಗೆ ಬು ಎನ್ನುತ್ತಿದ್ದಳು. "ಹೌದು ಬು, ಕೇಳಿಸ್ತಿದೆ ನನಗೂ. ನಿಮ್ಮಲ್ಲೊಂದೇ ಅಲ್ಲ, ಎಲ್ಲಾ ಕಡೆ. ಇಲ್ಲ ಬು, ಕೇಂದ್ರದ ಹೆಸರು ಬದಲಾಗಿಲ್ಲ. ನನ್ನ ಹೆಸರಾ?" ಎಂದು ಫೋನನ್ನು ಇನ್ನೊಂದು ಭುಜಕ್ಕೆ ಬದಲಿಸಿದಳು. "ಪಲುಪಿ. ಹೌದು, ಅದೇ ಪಲುಪಿ. ಇಲ್ಲ, ತಮಾಷೆ ಮಾಡ್ತಿಲ್ಲ ಬು." ಫೋನಿಟ್ಟಳು. ಇಟ್ಟ ಕೂಡಲೇ ಅದು ಮತ್ತೆ ಬಡಿದುಕೊಂಡಿತು. ಅವಳು ಎತ್ತುವ ಮೊದಲು ಲುಕಿತೊನನ್ನು ನೋಡಿದಳು, ಸಭೆಯಲ್ಲಿ ನೋಡಿದ ಹಾಗೆಯೇ. ಇಲ್ಲಿ ಸುಲಿಯುವುದಕ್ಕೆ ಸಲಾಕ್ ಇರಲಿಲ್ಲ. ಅವನು ಊದಿದ ಕೆನ್ನೆಯ ಕಡೆ ಬೆರಳು ತೋರಿಸಿ, ಮಾತಾಡಲಾಗುತ್ತಿಲ್ಲ ಎಂಬಂತೆ ತಲೆಯಾಡಿಸಿ, ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದ. ಹಲ್ಲುನೋವಿಗೆ ಅವನು ಜೀವನದಲ್ಲಿ ಕೃತಜ್ಞನಾದದ್ದು ಅದೊಂದೇ ಸಲ, ಅದಕ್ಕೆ ನಾಚಿಕೆಪಟ್ಟದ್ದೂ ಆಗಲೇ.

ಮೇಲೆ ನಡುಮೇಜಿನ ಮೇಲೆ ತುಂಪೆಂಗ್ ಎದ್ದು ನಿಂತಿತ್ತು. ಹೊಸ ಕೆಲಸ ಶುರುವಾದಾಗ ಹಳದಿ ಅನ್ನವನ್ನು ಗೋಪುರದ ಹಾಗೆ ಕಟ್ಟಿ, ಸುತ್ತ ಹುರಿದ ಕೋಳಿ, ಮೊಟ್ಟೆ, ಸೊಪ್ಪು ಜೋಡಿಸಿ, ತುದಿಯನ್ನು ಗೌರವಕ್ಕೆ ತಕ್ಕವರಿಗೆ ಕೊಯ್ದು ಕೊಡಬೇಕು. ನಗರದ ಆರೋಗ್ಯ ಇಲಾಖೆಯ ದೊಡ್ಡವರು ಊಟಕ್ಕೆ ಬರುವವರಿದ್ದರು. ಅದರ ಪಕ್ಕದಲ್ಲಿ ಪಾಕ್ ಸುರಾಜಿ, ನಿವೃತ್ತಿಗೆ ಹತ್ತಿರವಾದ, ಕಂಪ್ಯೂಟರಿಗೂ ನಮಸ್ಕಾರ ಮಾಡಿಯೇ ಬಟನು ಒತ್ತುವ ಹಿರಿಯರು, ಬಾಳೆಯೆಲೆಯ ಅಂಚನ್ನು ಕತ್ತರಿಯಲ್ಲಿ ಸರಿಮಾಡುತ್ತಿದ್ದರು. "ಏನು ಮಾಸ್, ಮುಖ ಊದಿಸ್ಕೊಂಡು ಬಂದಿದೀರಾ. ಹಲ್ಲಾ? ಲವಂಗ ಇಟ್ಕೊಳ್ಳಿ," ಎಂದರು, ಕಿರಿಯರನ್ನೂ ಅಣ್ಣಾ ಎನ್ನುವ ಹಾಗೆ ಮಾಸ್ ಎಂದೇ ಕರೆಯುವವರು.

"ಪಾಕ್, ಡಬ್ಬಿ ಕಟ್ಟುವಾಗ ಕೇಂದ್ರದ ಹೆಸರು ಕೊಟ್ರಾ?"

ಪಾಕ್ ಸುರಾಜಿ ಕತ್ತರಿ ಕೆಳಗಿಟ್ಟರು. ಈ ಪ್ರಶ್ನೆ ಬರಲೆಂದೇ ಕಾದಿದ್ದವರ ಹಾಗೆ ಕೈ ಒರೆಸಿಕೊಂಡರು. "ಕೊಡೋಣ ಅಂತಲೇ ಕೂತಿದ್ದೆ ಮಾಸ್. ಆದ್ರೆ ಕಡತ ತೆರೆದಾಗ ಅಲ್ಲಿ ನಿಮ್ಮ ಮಾತಿತ್ತು."

"ಅದು ಡೀಫಾಲ್ಟು ಪಾಕ್. ನೀವು ಹೆಸರು ಕೊಟ್ಟಿದ್ರೆ ಅದು ತಾನಾಗೇ ಹೋಗ್ತಿತ್ತು."

"ಅದೇ ನೋಡಿ. ನಾನು ಕೊಟ್ರೆ ಅದು ಹೋಗುತ್ತೆ ಅನ್ನೋದೇ ನನಗೆ ಸರಿ ಬರ್ಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರ ಹತ್ರ ಕ್ಷಮೆ ಕೇಳಿದಾನೆ, ಅದರ ಮೇಲೆ ನಾನು ಹೋಗಿ ಆರೋಗ್ಯ ಕೇಂದ್ರದ ಹೆಸರು ಒತ್ತೋದಾ? ಅಷ್ಟು ಒರಟು ನಾನಲ್ಲ."

"ಹಾಗಾದ್ರೆ ಒಂದು ಮಾತು ನನ್ನ ಕೇಳಬಹುದಿತ್ತಲ್ಲ."

"ನೀವು ಹಬ್ಬಕ್ಕೆ ಊರಿಗೆ ಹೋಗಿದ್ರಿ. ಫೋನ್ ಮಾಡಿ, ಮಾಸ್ ಏನು ತಪ್ಪು ಮಾಡಿದೀರಾ, ಅಂತ ಕೇಳ್ಲಾ? ನಿಮಗೆಷ್ಟು ಮುಜುಗರ." ಸಮಾಧಾನದ ದನಿಯಲ್ಲಿ ಸೇರಿಸಿದರು, "ಆಸ್ಪತ್ರೆಗೆ ಬಂದವರಿಗೆ ಯಾವ ಆಸ್ಪತ್ರೆ ಅಂತ ಗೊತ್ತೇ ಇರುತ್ತೆ, ಮಾಸ್. ಹೊರಗೆ ಬೋರ್ಡಿದೆ."

ಬೈಯಲು ಬಾಯಿ ತೆರೆದರೆ ಹಲ್ಲು ಬೇಡವೆಂದಿತು. ಬೈಯುವುದಾದರೂ ಯಾವುದಕ್ಕೆ? ಅವನ ಮರ್ಯಾದೆ ಉಳಿಸಲು ಹೋಗಿ ಮುದುಕರು ಅದನ್ನು ಊರಿಡೀ ಹಂಚಿಬಿಟ್ಟಿದ್ದರು. ಬೇರೆ ಯಾವ ಊರಿನಲ್ಲಾದರೂ ಸರಿ, ಕೆಲಸದವನೊಬ್ಬ ಹೆಸರು ಮರೆತು ಇಂಥ ಎಡವಟ್ಟು ಮಾಡಬಹುದಿತ್ತು. ಸೌಜನ್ಯದಿಂದ ಮಾಡಬೇಕಾದರೆ ಇಲ್ಲಿಯೇ ಹುಟ್ಟಬೇಕು. ಲುಕಿತೊ ತನ್ನ ಕುರ್ಚಿಯಲ್ಲಿ ಕುಸಿದು, ಡಬ್ಬಿಯನ್ನು ಮತ್ತೆ ಕಟ್ಟಲು ಕಡತ ತೆರೆದ. ಆ ಸಾಲು ಅಲ್ಲೇ ಇತ್ತು. ಅಳಿಸುವ ಬಟನಿನ ಮೇಲೆ ಬೆರಳಿಟ್ಟ. ಅಳಿಸಿ, ಹೆಸರುಗಳನ್ನು ಕೊಟ್ಟು ಕಟ್ಟಿ, ಊಟದ ಹೊತ್ತಿಗೆ ಕಳಿಸಿಬಿಟ್ಟರೆ ನಾಳೆಗೆ ಎಲ್ಲರೂ ಇದನ್ನೊಂದು ತಮಾಷೆಯೆಂದು ಮರೆಯುತ್ತಾರೆ. ಪಲುಪಿ ಕೆಳಗೆ ಫೋನು ಎತ್ತುತ್ತಲೇ ಇರುತ್ತಾಳೆ. ಅವನು ಮೇಲೆ ಡಬ್ಬಿ ಕಟ್ಟುತ್ತಲೇ ಇರುತ್ತಾನೆ. ಮುಂದಿನ ಹಬ್ಬಕ್ಕೆ ಮತ್ತೆ ಸಾಲಿನಲ್ಲಿ ನಿಂತು ತಣ್ಣನೆಯ ಆ ಕೈಯನ್ನು ಹಿಡಿದು, ಹೊರಗಿನಿಂದಲೂ ಒಳಗಿನಿಂದಲೂ. ಬೆರಳು ಒತ್ತಲೂ ಇಲ್ಲ, ಮೇಲೇಳಲೂ ಇಲ್ಲ. ಹಾಗೆ ಅವನು ಎಷ್ಟು ಹೊತ್ತು ಕೂತಿದ್ದನೋ, ಮೆಟ್ಟಿಲ ಮೇಲೆ ಪಾಕ್ ಹರ್ಸೊನೊ ಅವರ ಚಪ್ಪಲಿಯ ಸದ್ದಾಯಿತು.

ಅವರ ಹಿಂದೆಯೇ ಪಲುಪಿ ಬಂದಳು, ಕರೆಸಿಕೊಂಡಿದ್ದರು. ಎಲ್ಲರೂ ತುಂಪೆಂಗಿನ ಸುತ್ತ ನಿಂತರು. ಪಾಕ್ ಹರ್ಸೊನೊ ಮುಗುಳ್ನಗುತ್ತಿದ್ದರು. ಸಿಟ್ಟು ಹೆಚ್ಚಿದಷ್ಟೂ ಅವರ ನಗು ಅಗಲವಾಗುತ್ತದೆ ಎಂಬುದು ಕಚೇರಿಗೆಲ್ಲ ಗೊತ್ತು. ಇವತ್ತು ಹಿಂದಿನ ದವಡೆಯ ಚಿನ್ನದ ಹಲ್ಲೂ ಕಾಣುತ್ತಿತ್ತು.

"ನಮ್ಮ ಯಂತ್ರ ಬೆಳಿಗ್ಗೆಯಿಂದ ಚೆನ್ನಾಗಿ ಕೆಲಸ ಮಾಡ್ತಿದೆಯಂತೆ. ಸಂತೋಷ," ಎಂದರು. "ಇಲಾಖೆಯ ದೊಡ್ಡವರು ಫೋನ್ ಮಾಡಿದ್ರು. ಯಾರು ಯಾರ ಹತ್ರ ಯಾಕೆ ಕ್ಷಮೆ ಕೇಳ್ತಿದಾರೆ ಅಂತ ತಿಳ್ಕೊಳ್ಳೋ ಕುತೂಹಲ ಅವರಿಗೆ. ಊಟಕ್ಕೆ ಬಂದಾಗ ನಾನು ಒಂದು ಹೆಸರು ಹೇಳಬೇಕಾಗುತ್ತೆ. ಯಾರು ಅಂತ ನಾನು ಕೇಳ್ತಿಲ್ಲ."

ಕೆಳಗೆ ಯಾರೂ ಎತ್ತದ ಫೋನು ಬಡಿದುಕೊಳ್ಳುತ್ತಿತ್ತು. ಎಲ್ಲರೂ ಪಲುಪಿಯನ್ನು ನೋಡಬಾರದೆಂದು ಹಳದಿ ಅನ್ನವನ್ನು ನೋಡಿದರು. ಇವಳ ಹೆಸರಿದೆ ಎಂದ ಮೇಲೆ ಇವಳದೇ ಏನೋ ಇರಬೇಕು ಎಂದು ಆಗಲೇ ಅರ್ಧ ಕಚೇರಿ ತೀರ್ಮಾನಿಸಿದ್ದು ಲುಕಿತೊನಿಗೆ ಅವರ ಬೆನ್ನುಗಳಿಂದಲೇ ತಿಳಿಯಿತು. ಅಪ್ಪ ಹೇಳಿದ್ದು ಒಳಗಿನಿಂದ ಕೇಳಿಸಿತು. ಅವನ ಕೈ ತಾನಾಗಿ ಮೇಜಿನ ಮೇಲೆ ಏನಾದರೂ ಹುಡುಕಿತು, ಒಂದು ಬೇಯಿಸಿದ ಮೊಟ್ಟೆ ಸಿಕ್ಕಿತು. ಅದನ್ನು ಸುಲಿಯಲು ಉಗುರು ಇಡುವಷ್ಟರಲ್ಲಿ ಪಾಕ್ ಸುರಾಜಿ ಒಂದು ಹೆಜ್ಜೆ ಮುಂದೆ ಬಂದು ತಲೆ ಬಾಗಿಸಿದರು.

"ನನ್ನಿಂದಾದದ್ದು ಪಾಕ್. ವಯಸ್ಸಾಯ್ತು, ಕಣ್ಣು ಕಾಣಲ್ಲ. ಹೆಸರು ಕೊಡೋದು ಮರೆತೆ," ಎಂದರು.

ಸುಳ್ಳು. ಎಷ್ಟು ನಯವಾದ, ಎಷ್ಟು ಒಳ್ಳೆಯ ಸುಳ್ಳು. ಮತ್ತೆ ಒಬ್ಬರು ತನ್ನ ಜಾಗದಲ್ಲಿ ನಿಂತಿದ್ದಾರೆ, ಮತ್ತೆ ತಾನು ಏನನ್ನೋ ಸುಲಿಯುತ್ತಿದ್ದೇನೆ. ಲುಕಿತೊನಿಗೆ ತನ್ನ ಬಗ್ಗೆ ಎಷ್ಟು ಅಸಹ್ಯವಾಯಿತೆಂದರೆ ಹಲ್ಲುನೋವು ಒಂದು ಕ್ಷಣ ಪೂರ್ತಿ ನಿಂತೇಹೋಯಿತು. ಮೊಟ್ಟೆಯನ್ನು ತಟ್ಟೆಗೆ ಹಾಕಿದ. "ನಾನು ಮಾಡಿದ್ದು ಪಾಕ್," ಎಂದ.

ಊದಿದ ಬಾಯಲ್ಲಿ ಅದು ಬರೀ ಗೊಣಗಾಟವಾಗಿ ಬಂತು. "ಏನಂದ್ರಿ ಮಾಸ್?" ಎಂದರು ಪಾಕ್ ಹರ್ಸೊನೊ ಕಿವಿ ಮುಂದೆ ಮಾಡಿ. ಮತ್ತೆ ಹೇಳಿದ. ಲೆಕ್ಕಪತ್ರದವನು, "ಹಲ್ಲುನೋವಂತೆ ಪಾಕ್," ಎಂದು ತರ್ಜುಮೆ ಮಾಡಿದ. ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದವನು ಕೊನೆಗೊಮ್ಮೆ ತೆರೆದರೆ ಬಾಯಿಗೇ ಕೆಲಸ ಗೊತ್ತಿಲ್ಲ. ಮೂರನೆಯ ಸಲ ಅವನು ಕೆನ್ನೆಯನ್ನು ಕೈಯಿಂದ ಎತ್ತಿ ಹಿಡಿದು, ಬೀದಿಗೆ ಕೇಳಿಸುವಷ್ಟು ಜೋರಾಗಿ ಹೇಳಿದ. "ಆ ಮಾತು ಬರೆದಿದ್ದು ನಾನು. ಪಾಕ್ ಸುರಾಜಿಯವರ ತಪ್ಪೇನೂ ಇಲ್ಲ. ಅವತ್ತು ಎಲ್ಲರಿಗೂ ಒಂದನೇ ನಂಬರ್ ಕೊಟ್ಟಿದ್ದೂ ನಾನೇ, ಪಲುಪಿ ಅಲ್ಲ. ಸಭೆಯಲ್ಲಿ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಪಲುಪಿ, ತಪ್ಪು ನನ್ನದು."

ಯಾರೋ ಬಾಯಲ್ಲಿ ಹಪ್ಪಳ ಇಟ್ಟುಕೊಂಡಿದ್ದವರು ಅದನ್ನು ಕಚ್ಚದೆ ಹಾಗೇ ನಿಂತರು. ಪಾಕ್ ಹರ್ಸೊನೊ ಅವರ ನಗು ಮಾಯವಾಯಿತು. ಅಂದರೆ ಸಿಟ್ಟು ಹೋಗಿ ಬರೀ ಗಾಬರಿ ಉಳಿದಿತ್ತು. ಮುಚ್ಚಳವಿಲ್ಲದ ಇಂಥ ಮಾತು ಅವರ ಕಚೇರಿಯಲ್ಲಿ ಈವರೆಗೆ ಯಾರೂ ಆಡಿರಲಿಲ್ಲ. ಅವರು ಬೇಗ ಬೇಗ ಅದಕ್ಕೊಂದು ಮುಚ್ಚಳ ಹುಡುಕಿದರು. "ಸರಿ ಸರಿ. ಹಳೇದು. ಹಬ್ಬದ ತಿಂಗಳು ಇನ್ನೂ ನಡೀತಿದೆ. ಹೊರಗಿನಿಂದಲೂ ಒಳಗಿನಿಂದಲೂ ಎಲ್ಲರೂ ಎಲ್ಲರನ್ನೂ ಕ್ಷಮಿಸಿ ಆಗಿದೆ. ಅಲ್ವಾ ಮ್ಬಾಕ್ ಪಲುಪಿ?"

"ಇಲ್ಲ ಪಾಕ್," ಎಂದಳು ಪಲುಪಿ.

ಅವಳ ದನಿ ಏರಿರಲಿಲ್ಲ. ಫೋನಿನಲ್ಲಿ ಹೇಳುವ ದನಿಯೂ ಅದಾಗಿರಲಿಲ್ಲ. "ಕೇಳಿಸ್ತು ನನಗೆ. ಬೆಳಿಗ್ಗೆಯಿಂದ ಊರಿಗೆಲ್ಲ ಕೇಳಿಸಿದೆ. ಈಗ ಇವರ ಬಾಯಿಂದಲೂ ಕೇಳಿಸ್ತು. ಕ್ಷಮಿಸಿಲ್ಲ. ಒಂದು ವರ್ಷದಿಂದ ನಾನು ಆ ಮೇಜಿನ ಹಿಂದೆ ಕೂತಿದೀನಿ, ಒಂದು ಬೆಳಿಗ್ಗೆಗೆ ಅದು ಮುಗಿಯಲ್ಲ. ಮುಂದೆ ನೋಡೋಣ." ಆಮೇಲೆ ಲುಕಿತೊನ ಕಡೆ ತಿರುಗಿ, "ಕುರ್ಚಿ ಬಿಡಿ ಮಾಸ್. ಹೆಸರು ಕೊಟ್ಟು ನಾನು ಕಟ್ತೀನಿ. ನೀವು ಕೆಳಗೆ ಹೋಗಿ ಫೋನ್ ತಗೊಳ್ಳಿ, ಆಗಿಂದ ಬಡ್ಕೋತಿದೆ," ಎಂದಳು. ಯಾರ ಒಪ್ಪಿಗೆಗೂ ಕಾಯದೆ ಹೋಗಿ ಅವನ ಕುರ್ಚಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು ಕೂತಳು. ಪಾಕ್ ಹರ್ಸೊನೊ ಏನೋ ಹೇಳಹೋದರು. ಪಾಕ್ ಸುರಾಜಿ ವಿನಯದಿಂದ ಅವರ ಕೈಗೆ ಒಂದು ಲೋಟ ಚಹಾ ಕೊಟ್ಟರು.

ಮೆಟ್ಟಿಲಿಳಿಯುತ್ತ ಲುಕಿತೊನಿಗೆ ಅವಮಾನವಾಗಿತ್ತು, ನಿಜ. ನಾಳೆಯಿಂದ ಈ ಮೆಟ್ಟಿಲ ಕೆಳಗೇ ತನ್ನ ಜಾಗವೇನೋ ಎಂಬುದೂ ಹೊಳೆದಿತ್ತು. ಆದರೆ ಅದೆಲ್ಲದರ ಅಡಿಯಲ್ಲಿ ನಂಬಲಾಗದ ಒಂದು ಸಂತೋಷವಿತ್ತು. ಈ ಊರಿನಲ್ಲಿ ಎಷ್ಟೋ ಕೈಗಳನ್ನು ಹಿಡಿದು ಎಷ್ಟೋ ಸಲ ಕ್ಷಮೆ ಕೇಳಿದ್ದಾನೆ, ಕೇಳಿದ್ದೆಲ್ಲ ಕೇಳಿದ ಕೂಡಲೇ ಸಿಕ್ಕಿದೆ. ಕೇಳಿ, ಯೋಚಿಸಿ, ಇಲ್ಲ ಎಂದವಳು ಇವಳೊಬ್ಬಳೇ. ಅಂದರೆ ಇವಳೊಬ್ಬಳಿಗೇ ಅವನ ಮಾತು ನಿಜವಾಗಿ ಮುಟ್ಟಿದ್ದು. ಇಂಥ ಸಂತೋಷ ಪಡುವುದು ಸರಿಯೋ ತಪ್ಪೋ ಎಂದು ಎಂದಿನಂತೆ ಜಗಿಯಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ಫೋನು ಎತ್ತಿದ.

"ಸಹಾಯ ಕೇಂದ್ರ, ಲುಕಿತೊ ಮಾತಾಡ್ತಿರೋದು."

"ನಾನು ಬಂದರಿನ ಹತ್ರದ ಕೇಂದ್ರದಿಂದ, ನೋಂದಣಿ ಕಿಟಕಿಯ ಮುರ್ತಿನಿ," ಎಂದಿತು ವಯಸ್ಸಾದ, ದಪ್ಪನೆಯ ಹೆಣ್ಣುದನಿ. "ಬೆಳಿಗ್ಗೆ ಒಬ್ಬಳು ಹುಡುಗಿ ಎತ್ತಿದ್ಲಲ್ಲ?"

"ಅವರು ಮೇಲೆ ಹೋದ್ರು, ಬು. ಯಂತ್ರದ ವಿಷಯ ತಾನೇ? ಹೊಸ ಡಬ್ಬಿ ಕಟ್ತಿದಾರೆ. ಊಟದ ಹೊತ್ತಿಗೆ ಸರಿಹೋಗುತ್ತೆ."

"ಅದಿರ್ಲಿ ಬಿಡಪ್ಪ. ಇಲ್ಲಿ ಜನ ಬೇರೆ ಒಂದು ವಿಷಯ ಕೇಳ್ತಿದಾರೆ. ಮೀನಿನವರು ಔಷಧಿ ತಗೊಂಡ ಮೇಲೂ ಮನೆಗೆ ಹೋಗ್ತಿಲ್ಲ. ಆ ಪಲುಪಿ ಕ್ಷಮಿಸಿದ್ಲಾ?"

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು. ಹಬ್ಬದ ತಿಂಗಳು, ಎಂದು ಎರಡು ಮಾತಿನಲ್ಲಿ ಮುಗಿಸಿ ಎಲ್ಲರನ್ನೂ ಮನೆಗೆ ಕಳಿಸಬಹುದಿತ್ತು. "ಇಲ್ಲ ಬು," ಎಂದ ಲುಕಿತೊ. "ಕ್ಷಮಿಸಿಲ್ಲ."

ಅವಳು ಫೋನಿಗೆ ಕೈ ಅಡ್ಡ ಹಿಡಿದು, "ಇಲ್ವಂತೆ," ಎಂದು ಹಜಾರಕ್ಕೆ ಕೂಗಿದ್ದು ಕೈ ಅಡ್ಡವಿದ್ದರೂ ಸ್ಪಷ್ಟವಾಗಿ ಕೇಳಿಸಿತು. ಹಜಾರ ಗಲಗಲ ಎಂದಿತು. ಯಾರೋ ಗಂಡಸು, ಸರಿಯಾಗೇ ಮಾಡಿದಾಳೆ, ಅಂದ. ಯಾರೋ ಹೆಂಗಸು, ಪಾಪ, ಅಂದಳು. ಪಾಪ ಯಾರಿಗೆ ಎಂದು ತಿಳಿಯಲಿಲ್ಲ. ದಪ್ಪನೆಯ ದನಿ ಮತ್ತೆ ಬಂತು.

"ತಪ್ಪು ಮಾಡಿದೋನು ಯಾರು, ನಿನಗೇನಾದ್ರೂ ಗೊತ್ತಾ?"

"ನಾನೇ, ಬು."

ಈ ಸಲ ಅವಳು ಹಜಾರಕ್ಕೆ ಏನನ್ನೂ ಕೂಗಲಿಲ್ಲ. ಅವಳ ಹಿಂದೆ ಒಂದು ಮಗು ಅಳುತ್ತಿತ್ತು, ಯಾರೋ ಅದನ್ನು ಸಮಾಧಾನ ಮಾಡುತ್ತಿದ್ದರು. "ಹಾಗಾದ್ರೆ ಊಟದ ಹೊತ್ತಿಗೇ ಅದನ್ನ ತೆಗೀಬೇಡಿ ಅನ್ನು, ಮಗಾ," ಎಂದಳು ಕೊನೆಗೆ. "ಸಂಜೆವರೆಗೂ ಹೇಳ್ತಾ ಇರ್ಲಿ. ನಮಗೇನೂ ತೊಂದರೆಯಿಲ್ಲ."

"ಅದು ನನ್ನ ಕೈಲಿಲ್ಲ ಬು. ಈಗ ಅವರೇ ಕಟ್ತಿರೋದು."

"ಹಾಗಿದ್ರೆ ಯಂತ್ರ ಹೇಳೋದು ನಿಂತುಹೋಗುತ್ತೆ," ಎಂದಳು ಅವಳು. "ಇನ್ನು ನೀನೇ ಹೇಳ್ತಾ ಇರ್ಬೇಕು."